ಸಹಿ ಯಾರದು, ಬಳಕೆ ಯಾರದು?



ಮೊದಲು ಒಂದು ಪ್ರಶ್ನೆ ಕೇಳುತ್ತೇನೆ. ನಿಮ್ಮ ಮನೆಯಲ್ಲಿರುವ ಸಿಮ್ ಯಾರ ಹೆಸರಿನಲ್ಲಿದೆ, ಅದನ್ನು ಬಳಸುವವರು ಯಾರು? ನಮ್ಮ ಅರಕೇರಾದಲ್ಲಾಗಲಿ, ದೇವದುರ್ಗ, ಮಾನ್ವಿಯಲ್ಲಾಗಲಿ ಎಷ್ಟೋ ಮನೆಗಳಲ್ಲಿ ಆಧಾರ್ ತಂದೆಯದು, ಹೆಬ್ಬೆಟ್ಟು ತಂದೆಯದು, ಫೋನು ಮಾತ್ರ ಮಗನ ಜೇಬಿನಲ್ಲಿ.

ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದ ಗಳಿಗೆಯಲ್ಲಿಯೇ ಕಂಪನಿಗೂ ತಂದೆಗೂ ಒಂದು ಕರಾರು ಆಗಿರುತ್ತದೆ. 1872ರ ಕರಾರು ಕಾಯ್ದೆಯ ಪ್ರಕಾರ 18 ವರ್ಷ ತುಂಬದವರು ಕರಾರು ಮಾಡಿಕೊಳ್ಳಲು ಬರುವುದಿಲ್ಲ. ಆದ್ದರಿಂದ ಕಾಗದದಲ್ಲಿ ಗ್ರಾಹಕರು ನೀವೇ. ಆ ಷರತ್ತುಗಳು ಸಣ್ಣಕ್ಷರದ ಇಂಗ್ಲಿಷಿನಲ್ಲಿರುತ್ತವೆ. ಪದವಿ ಪಡೆದವರೂ ಓದುವುದಿಲ್ಲ ಬಿಡಿ. ಅದರ ಸಾರ ಇಷ್ಟು: ಸಂಪರ್ಕವನ್ನು ಇನ್ನೊಬ್ಬರಿಗೆ ಮಾರಬಾರದು, ಬೇರೆಯವರ ಖಾತೆಗೆ ನುಗ್ಗಬಾರದು, ಅಶ್ಲೀಲ ಚಿತ್ರ ಹರಡಬಾರದು, ಯಾರನ್ನೂ ಪೀಡಿಸಬಾರದು. ಮುರಿದರೆ ಕಂಪನಿ ಸಂಪರ್ಕ ಕಡಿಯಬಹುದು, ಪೊಲೀಸರು ಮೊದಲು ಹುಡುಕಿಕೊಂಡು ಬರುವುದು ಕಾಗದದಲ್ಲಿರುವ ಹೆಸರನ್ನೇ.

ಹಿಂದೆ ಸೈಬರ್ ಕೆಫೆಗಳಿದ್ದಾಗ ಈ ಮಾತು ಸುಲಭವಾಗಿತ್ತು. 2011ರ ಕೆಫೆ ನಿಯಮದಂತೆ ಗುರುತಿನ ಚೀಟಿ ಕೊಡಬೇಕು, ಅಡ್ಡಗೋಡೆ ನಾಲ್ಕೂವರೆ ಅಡಿಗಿಂತ ಎತ್ತರ ಇರಬಾರದು, ಗುರುತಿನ ಚೀಟಿ ಇಲ್ಲದ ಮಕ್ಕಳ ಜೊತೆ ದೊಡ್ಡವರಿರಬೇಕು. 2016ರಲ್ಲಿ ಜಿಯೋ ಬಂದ ಮೇಲೆ ಡೇಟಾ ಅಗ್ಗವಾಯಿತು, ಕೆಫೆ ಜೇಬಿಗೆ ಇಳಿಯಿತು. ಅಲ್ಲಿ ಅಡ್ಡಗೋಡೆ ಅಳೆಯುವವರು ಯಾರು?

ಇದನ್ನು ಸಣ್ಣ ವಿಷಯವೆಂದು ತಿಳಿಯಬೇಡಿ. ನಮ್ಮ ಭಾಗದ್ದೇ ಆದ ಬೀದರ್ ಜಿಲ್ಲೆಯ ಮುರ್ಕಿಯನ್ನು ನೆನಪಿಸಿಕೊಳ್ಳಿ. 2018ರ ಜುಲೈ 13ರಂದು ಹೈದರಾಬಾದಿನ ಕಡೆಯಿಂದ ಕಾರಿನಲ್ಲಿ ಬಂದಿದ್ದವರು ಶಾಲಾ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸುದ್ದಿ ವಾಟ್ಸ್‌ಆಪ್‌ನಲ್ಲಿ ಕಾರಿಗಿಂತ ಮೊದಲು ಮುಂದಿನ ಊರು ಮುಟ್ಟಿತು. ಜನ ದಾರಿ ಅಡ್ಡಗಟ್ಟಿದರು. ಒಬ್ಬ ಯುವ ಎಂಜಿನಿಯರ್ ಪ್ರಾಣ ಹೋಯಿತು. ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟಾಯಿತು. ಬಂಧಿತರಲ್ಲಿ ಗ್ರೂಪಿನ ಅಡ್ಮಿನ್ ಸಹ ಇದ್ದ. ಅದೇ ತಿಂಗಳು ಕಂಪನಿಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಕಳಿಸಬಹುದೆಂದು ಮಿತಿ ಹಾಕಿತು. ಬೆರಳು ಒತ್ತಿದವರಲ್ಲಿ ಕೊಲ್ಲಬೇಕೆಂದುಕೊಂಡವರು ಎಷ್ಟು ಮಂದಿ ಇದ್ದಾರು? ಆದರೂ ಆ ತಾಯಿಗೆ ಮಗ ಮರಳಲಿಲ್ಲ.

ಹಾಗೆಂದು ಬಾಯಿ ಮುಚ್ಚಿಕೊಂಡಿರಿ ಎಂದು ನಾನು ಹೇಳುತ್ತಿಲ್ಲ. ಮನಸ್ಸಿಗೆ ಬೇಸರವಾಗುವಂಥದ್ದನ್ನು ಬರೆದರೂ ಹಿಡಿಯಲು ಅವಕಾಶವಿದ್ದ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ರದ್ದುಗೊಳಿಸಿತು. ರಸ್ತೆ ಸರಿಯಿಲ್ಲ, ಶಾಲೆಗೆ ಶಿಕ್ಷಕರಿಲ್ಲ ಎಂದು ಧೈರ್ಯವಾಗಿ ಬರೆಯಿರಿ.

ಇನ್ನು ಕಮಿಷನ್ ಆಸೆ. ನಿನ್ನ ಹೆಸರಲ್ಲಿ ಸಿಮ್ ತೆಗೆದುಕೊಡು, ಬ್ಯಾಂಕ್ ಖಾತೆ ಕೊಡು ಎಂದು ಕಾಲೇಜು ಹುಡುಗರಿಗೆ ಗಾಳ ಹಾಕುವವರಿದ್ದಾರೆ. ವಂಚನೆ ಮಾಡಿದವರು ದೂರದಲ್ಲಿ ಉಳಿಯುತ್ತಾರೆ, ಠಾಣೆ ಹತ್ತುವವನು ಈ ಹುಡುಗ. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆಯೆಂದು ಸಂಚಾರ್ ಸಾಥಿಯಲ್ಲಿ ನೋಡಬಹುದು. ಇಂದೇ ನೋಡಿ. ಹಣ ಕಳೆದುಕೊಂಡರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಕೊನೆಯದಾಗಿ ತಾಯಂದಿರಿಗೆ. ಯಾರೋ ದುಷ್ಟರು ಮಗಳ ಫೋಟೊ ತಿರುಚಿ ಹರಿಬಿಟ್ಟರೆ ನಮ್ಮಲ್ಲಿ ಮೊದಲು ಆಗುವ ಕೆಲಸ ಅವಳ ಫೋನು ಕಸಿದು ಶಾಲೆ ಬಿಡಿಸುವುದು. ನಿಯಮ ಮುರಿದವನು ಬೇರೆ, ಹಾಜರಿ ಪುಸ್ತಕದಿಂದ ಹೋಗುವ ಹೆಸರು ಅವಳದು. ಹಾಗೆ ಮಾಡಬೇಡಿ. ಸ್ಕ್ರೀನ್‌ಶಾಟ್ ಅಳಿಸದೆ ಇಟ್ಟುಕೊಳ್ಳಿ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಇಂಥ ದೂರನ್ನು ಹೆಸರು ಹೇಳದೆಯೂ ಕೊಡಬಹುದು. ಬರೆಯಲು ಬಾರದಿದ್ದರೆ ಶಾಲೆಗೆ ಬನ್ನಿ, ಕನ್ನಡದಲ್ಲಿಯೋ ಉರ್ದುವಿನಲ್ಲಿಯೋ ಹೇಳಿ, ಅರ್ಜಿ ನಾವು ಬರೆದುಕೊಡುತ್ತೇವೆ.