ಪಂದ್ಯ ಆಡುವುದು, ಪಂದ್ಯ ಕಟ್ಟುವುದು



ನಮ್ಮ ಭಾಷೆಯಲ್ಲಿ ‘ಪಂದ್ಯ’ ಎಂಬ ಒಂದೇ ಮಾತಿಗೆ ಎರಡು ಅರ್ಥಗಳಿವೆ. ಕಬಡ್ಡಿ ಪಂದ್ಯ ಎಂದರೆ ಆಟದ ಸ್ಪರ್ಧೆ. ಪಂದ್ಯ ಕಟ್ಟುವುದೆಂದರೆ ಹಣ ಒಡ್ಡಿ ಜೂಜಾಡುವುದು. ಆಡುಮಾತಿನಲ್ಲಿ ಒಂದೇ ಆಗಿರುವ ಇವೆರಡನ್ನು ಕಾನೂನು ಬೇರೆ ಬೇರೆ ಮಾಡಿ ನೋಡುತ್ತದೆ. ಹಾಗೆ ನೋಡುವಾಗ ಅದು ಆಟದ ಹೆಸರನ್ನು ಕೇಳುವುದಿಲ್ಲ. ಗೆಲುವನ್ನು ನಿರ್ಧರಿಸುವುದು ಯಾವುದು, ಹಣ ಯಾರ ಕೈ ಸೇರುತ್ತದೆ ಎಂದು ಕೇಳುತ್ತದೆ.

ಸಿಂಧನೂರು ತಾಲ್ಲೂಕಿನ ಸಾಲಗುಂದದಲ್ಲಿ ಭತ್ತದ ಸುಗ್ಗಿ ಮುಗಿದ ಮೇಲೆ ನಾಲ್ವರು ಗೆಳೆಯರು ಒಂದು ಸ್ಪರ್ಧೆ ನಡೆಸಲು ಹೊರಟಿದ್ದಾರೆ ಎಂದಿಟ್ಟುಕೊಳ್ಳಿ. ಪ್ರವೇಶ ಶುಲ್ಕ ತಲಾ 100 ರೂಪಾಯಿ, ಮೊದಲ ಬಹುಮಾನ 5,000 ರೂಪಾಯಿ. ಒಬ್ಬನು ಕೇರಂ ಇಡೋಣ ಎನ್ನುತ್ತಾನೆ, ಇನ್ನೊಬ್ಬನು ಪದಬಂಧ ಎನ್ನುತ್ತಾನೆ. ಕೂಪನ್ ಮಾರಿ ಡ್ರಾ ಎತ್ತಿದರೆ ಸುಲಭ ಎಂಬುದು ಮೂರನೆಯವನ ಸಲಹೆ. ನಾಲ್ಕನೆಯವನಿಗೆ ಎಲ್ಲವೂ ಮೊಬೈಲಿನಲ್ಲೇ ಆಗಬೇಕು. ಶುಲ್ಕ ಅದೇ, ಬಹುಮಾನ ಅದೇ. ಆದರೆ ಕಾನೂನಿನ ಉತ್ತರ ನಾಲ್ವರಿಗೂ ಒಂದೇ ಅಲ್ಲ.

ಪದಬಂಧದಿಂದಲೇ ಆರಂಭಿಸೋಣ. ಏಕೆಂದರೆ ಈ ವಿಷಯದ ಮೂಲಸೂತ್ರವನ್ನು ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿದ್ದು ಬೆಂಗಳೂರಿನ ಒಂದು ಪತ್ರಿಕೆಯ ಪದಬಂಧದ ನಿಮಿತ್ತವಾಗಿ. 1950ರ ದಶಕದಲ್ಲಿ ಬೆಂಗಳೂರಿನಲ್ಲಿ ಅಚ್ಚಾಗುತ್ತಿದ್ದ ‘ಸ್ಪೋರ್ಟಿಂಗ್ ಸ್ಟಾರ್’ ಎಂಬ ವಾರಪತ್ರಿಕೆಯಲ್ಲಿ ಆರ್.ಎಂ.ಡಿ.ಸಿ. ಕ್ರಾಸ್‌ವರ್ಡ್ಸ್ ಎಂಬ ಬಹುಮಾನದ ಸ್ಪರ್ಧೆ ಬರುತ್ತಿತ್ತು. ಮೈಸೂರು ರಾಜ್ಯದಲ್ಲಿ ಅದಕ್ಕೆ ಪರವಾನಗಿಯಿತ್ತು. ಪತ್ರಿಕೆ ಮುಂಬಯಿ ರಾಜ್ಯದಲ್ಲೂ ಹರಡಿತ್ತು. ಅಲ್ಲಿನ ಸರ್ಕಾರ 1952ರಲ್ಲಿ ತನ್ನ ಕಾಯ್ದೆಯನ್ನು ತಿದ್ದಿ, ಹೊರಗಿನಿಂದ ಬರುವ ಪತ್ರಿಕೆಗಳ ಸ್ಪರ್ಧೆಗಳ ಮೇಲೂ ತೆರಿಗೆ ಹಾಕಿತು. ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. 1957ರ ಏಪ್ರಿಲ್ 9ರಂದು ಮುಖ್ಯ ನ್ಯಾಯಮೂರ್ತಿ ಎಸ್.ಆರ್. ದಾಸ್ ಅವರ ಪೀಠ ತೀರ್ಪಿತ್ತಿತು.

ಪದಬಂಧ ಬಿಡಿಸುವುದು ಬುದ್ಧಿಯ ಕೆಲಸವಲ್ಲವೇ ಎಂದು ನೀವು ಕೇಳಬಹುದು. ಒಂದು ಕನ್ನಡದ ಉದಾಹರಣೆಯಿಂದ ನೋಡೋಣ. ‘ಕಷ್ಟಕಾಲದಲ್ಲಿ ನೆರವಾಗುವುದು’ ಎಂಬ ಸುಳಿವಿಗೆ ಎರಡಕ್ಷರದ ಪದ ಬೇಕು. ಎರಡನೆಯ ಅಕ್ಷರ ‘ನ’. ಉತ್ತರ ‘ಧನ’ವೋ ‘ಜನ’ವೋ? ಎರಡೂ ಒಪ್ಪುತ್ತವೆ. ಸರಿಯುತ್ತರ ಯಾವುದೆಂದು ಸ್ಪರ್ಧೆ ನಡೆಸುವವರು ಮೊದಲೇ ಬರೆದು ಲಕೋಟೆಯಲ್ಲಿ ಮುದ್ರೆಯೊತ್ತಿ ಇಟ್ಟಿರುತ್ತಾರೆ. ಇಂಥ ಹತ್ತು ಸುಳಿವುಗಳಿದ್ದರೆ ನಿಘಂಟು ಬರೆದ ಪಂಡಿತರೂ ಊಹಿಸಬೇಕಾದದ್ದೇ. ಗೆಲ್ಲುವುದು ಪದಜ್ಞಾನವಲ್ಲ, ಲಕೋಟೆಯೊಳಗಿನ ಮಾತಿಗೆ ತಾಳೆಯಾದ ಊಹೆ. ಆ ಸ್ಪರ್ಧೆ ಇಂಥದ್ದೇ ಜೂಜಿನ ಸ್ವರೂಪದ್ದೆಂದು ನ್ಯಾಯಾಲಯ ಕಂಡುಕೊಂಡಿತು. ಗಣನೀಯ ಪ್ರಮಾಣದ ಜಾಣ್ಮೆಯಿಂದ ಗೆಲುವು ದೊರೆತರೆ ಮಾತ್ರ ಸ್ಪರ್ಧೆಗೆ ಜೂಜಿನ ಕಳಂಕ ತಟ್ಟದು. ಜೂಜಿಗೆ ವ್ಯಾಪಾರದ ಹಕ್ಕಿನ ರಕ್ಷಣೆಯೂ ಇಲ್ಲ ಎಂದು ಹೇಳಿತು. (1961ರ ಆದಾಯ ತೆರಿಗೆ ಕಾಯ್ದೆಯಲ್ಲಿಯೂ ಪದಬಂಧದ ಗಳಿಕೆಯನ್ನು ಲಾಟರಿ ಮತ್ತು ಕುದುರೆ ಜೂಜಿನ ಸಾಲಿನಲ್ಲೇ ಕೂರಿಸಲಾಗಿತ್ತು. ಪದಪ್ರೇಮಿಗಳಿಗೆ ಇದೊಂದು ಅವಮಾನವೇ ಸರಿ!)

ಅದೇ ದಿನ ಇನ್ನೊಂದು ತೀರ್ಪೂ ಬಂತು. ಅದು 1955ರ ಬಹುಮಾನ ಸ್ಪರ್ಧೆಗಳ ಕಾಯ್ದೆಗೆ ಸಂಬಂಧಿಸಿದ್ದು. ಈ ಕಾಯ್ದೆಯನ್ನು ಕೋರಿ ಠರಾವು ಮಾಡಿದ ರಾಜ್ಯಗಳಲ್ಲಿ ಹೈದರಾಬಾದೂ ಒಂದು. 1956ರ ನವೆಂಬರ್ 1ರವರೆಗೆ ಸಿಂಧನೂರು ಸೀಮೆ ಆ ರಾಜ್ಯದಲ್ಲೇ ಇತ್ತು. ಕಾಯ್ದೆಯ ಪ್ರಕಾರ ಪದ ಅಥವಾ ಅಂಕಿಗಳನ್ನು ಜೋಡಿಸುವ ಬಹುಮಾನ ಸ್ಪರ್ಧೆಗಳಿಗೆ ಪರವಾನಗಿ ಬೇಕು, ಬಹುಮಾನ ತಿಂಗಳಿಗೆ ಒಟ್ಟು 1,000 ರೂಪಾಯಿ ಮೀರಬಾರದು, ಒಂದು ಸ್ಪರ್ಧೆಗೆ 2,000ಕ್ಕಿಂತ ಹೆಚ್ಚು ಪ್ರವೇಶಪತ್ರ ಸ್ವೀಕರಿಸಬಾರದು. ಈ ಕಟ್ಟುಗಳು ಜೂಜಿನ ಸ್ವರೂಪದ ಸ್ಪರ್ಧೆಗಳಿಗೆ ಮಾತ್ರ, ನಿಜವಾದ ಜಾಣ್ಮೆಯ ಸ್ಪರ್ಧೆಗಳಿಗಲ್ಲ ಎಂದು ನ್ಯಾಯಾಲಯ ಬಿಡಿಸಿ ಹೇಳಿತು. ಅಂದರೆ ನಮ್ಮ ಗೆಳೆಯನ ಪದಬಂಧದಲ್ಲಿ ಪ್ರತಿ ಸುಳಿವಿಗೂ ಒಂದೇ ಸರಿಯುತ್ತರವಿದ್ದು ಬಲ್ಲವರು ಗೆಲ್ಲುವಂತಿದ್ದರೆ 5,000ದ ಬಹುಮಾನಕ್ಕೆ ಈ ಕಾಯ್ದೆ ಅಡ್ಡಬಾರದು. ‘ಧನ-ಜನ’ದ ಬಗೆಯದಾದರೆ ಪರವಾನಗಿಯೂ ಸಿಗದು.

ಇನ್ನು ಹಣದ ಮಾತು. ಸಿಕಂದರಾಬಾದಿನ ಕ್ಲಬ್ಬೊಂದರ ರಮ್ಮಿ ಆಟದ ಮೊಕದ್ದಮೆ 1967ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಬಿದ್ದ ಎಲೆಗಳನ್ನು ನೆನಪಿಡಬೇಕು, ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕೆಂದು ತೂಗಬೇಕು. ಆದ್ದರಿಂದ ರಮ್ಮಿ ಮುಖ್ಯವಾಗಿ ಜಾಣ್ಮೆಯ ಆಟವೆಂದು ನ್ಯಾಯಾಲಯ ಹೇಳಿತು. ಈ ಮಾತನ್ನು ಎಲ್ಲರೂ ಉದ್ಧರಿಸುತ್ತಾರೆ. ಅದರ ಬೆನ್ನಿಗೇ ಬಂದ ಎಚ್ಚರಿಕೆಯನ್ನು ಮರೆಯುತ್ತಾರೆ: ಆಟದಿಂದ ಮನೆಯ ಅಥವಾ ಕ್ಲಬ್ಬಿನ ಯಜಮಾನ ಲಾಭ ತೆಗೆಯುತ್ತಿದ್ದರೆ ಅಪರಾಧ ಸಾಬೀತಾಗಬಹುದು. ಸ್ಪರ್ಧೆ ನಡೆಸುವವರು ಶುಲ್ಕವನ್ನು ಬಹುಮಾನಕ್ಕೂ ಖರ್ಚಿಗೂ ಬಳಸಿ ಲೆಕ್ಕ ತೋರಿಸುವುದು ಒಂದು ಬಗೆ. ಪ್ರತಿ ಆಟಕ್ಕೂ ಒಡ್ಡಿದ ಹಣದಲ್ಲಿ ತಮ್ಮ ಪಾಲು ಕಿತ್ತುಕೊಳ್ಳುವುದು ಬೇರೆಯೇ ಬಗೆ.

ಕೂಪನ್ ಡ್ರಾ ವಿಷಯದಲ್ಲಿ ಹೆಚ್ಚು ಹೇಳಬೇಕಾದ್ದಿಲ್ಲ. ಹಣ ಪಡೆದು ಚೀಟಿಯಿಂದ ಬಹುಮಾನ ಹಂಚಿದರೆ ಅದು ಲಾಟರಿ. ಕರ್ನಾಟಕದಲ್ಲಿ 2007ರಲ್ಲಿ ಲಾಟರಿ ನಿಷೇಧವಾಯಿತು. ಅನುಮತಿಯಿಲ್ಲದೆ ಲಾಟರಿ ನಡೆಸಲು ಸ್ಥಳವಿಟ್ಟವರಿಗೆ ಭಾರತೀಯ ನ್ಯಾಯ ಸಂಹಿತೆಯ 297ನೇ ಕಲಮಿನಲ್ಲಿ 6 ತಿಂಗಳವರೆಗೆ ಸೆರೆವಾಸ ವಿಧಿಸಬಹುದು. ಗಣೇಶನ ಹೆಸರಿನಲ್ಲಿ ಕೂಪನ್ ಮಾರಿದರೂ ಕಾನೂನು ಬದಲಾಗುವುದಿಲ್ಲ.

ಮೊಬೈಲಿನ ಗೆಳೆಯನ ವಿಷಯವೇ ಈಗ ಹೆಚ್ಚು ಗಂಭೀರ. ಕರ್ನಾಟಕ ಪೊಲೀಸ್ ಕಾಯ್ದೆ, 1963ರ 176ನೇ ಕಲಮು ಜಾಣ್ಮೆಯ ಆಟಗಳಿಗೆ ವಿನಾಯಿತಿ ಕೊಟ್ಟಿತ್ತು. 2021ರ ಅಕ್ಟೋಬರಿನಲ್ಲಿ ಜಾರಿಗೆ ಬಂದ ರಾಜ್ಯದ ತಿದ್ದುಪಡಿ, ಹಣ ಒಡ್ಡಿದ ಆನ್‌ಲೈನ್ ಆಟಗಳನ್ನು ಜಾಣ್ಮೆಯದ್ದಾದರೂ ಜೂಜೆಂದೇ ಎಣಿಸಿತು. 2022ರ ಫೆಬ್ರುವರಿ 14ರಂದು ರಾಜ್ಯ ಹೈಕೋರ್ಟು ಆ ಅಂಶಗಳನ್ನು ರದ್ದುಪಡಿಸಿತು. ಬಳಿಕ ಸಂಸತ್ತೇ ಆನ್‌ಲೈನ್ ಆಟಗಳ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆಯನ್ನು ಅಂಗೀಕರಿಸಿತು. 2025ರ ಆಗಸ್ಟ್ 22ರಂದು ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಈ ಕಾಯ್ದೆ 1957ರ ಸೂತ್ರವನ್ನೇ ಪಕ್ಕಕ್ಕಿಡುತ್ತದೆ. ಹಣ ಕಟ್ಟಿ, ಹಣದ ಲಾಭವನ್ನು ನಿರೀಕ್ಷಿಸಿ ಆಡುವ ಆನ್‌ಲೈನ್ ಆಟ ಜಾಣ್ಮೆಯದ್ದೋ ಅದೃಷ್ಟದ್ದೋ ಎಂದು ಅದು ನೋಡುವುದೇ ಇಲ್ಲ. ಒದಗಿಸುವವರಿಗೆ 3 ವರ್ಷದವರೆಗೆ ಸೆರೆವಾಸ, 1 ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ಮಾಡುವವರಿಗೆ 2 ವರ್ಷ, 50 ಲಕ್ಷದವರೆಗೆ. ಮಾನ್ಯತೆ ಮತ್ತು ನೋಂದಣಿ ಪಡೆದ ಇ-ಕ್ರೀಡೆಗೆ ಮಾತ್ರ ಪ್ರವೇಶ ಶುಲ್ಕ ಮತ್ತು ಸಾಧನೆಯ ಬಹುಮಾನಕ್ಕೆ ಅವಕಾಶವಿದೆ. ಕಾಯ್ದೆಯನ್ನು ಪ್ರಶ್ನಿಸಿ ಕರ್ನಾಟಕದ್ದೂ ಸೇರಿ ಹೈಕೋರ್ಟುಗಳಲ್ಲಿ ಸಲ್ಲಿಕೆಯಾದ ಅರ್ಜಿಗಳನ್ನು 2025ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ತನ್ನ ಬಳಿಗೆ ವರ್ಗಾಯಿಸಿಕೊಂಡಿತು.

ಇಲ್ಲಿ ನೀವು ವಿಶೇಷವಾಗಿ ಗಮನಿಸಬೇಕಾದದ್ದೊಂದಿದೆ. ಈ ಕಾಯ್ದೆಯ ದಂಡನೆ ಆಡಿದವರ ಮೇಲಿಲ್ಲ, ಆಡಿಸಿದವರ ಮೇಲಿದೆ. ಹಾಸ್ಟೆಲಿನ ಗೆಳೆಯರಿಂದ ಹಣ ಕೂಡಿಸಿ ಕ್ರಿಕೆಟ್ ತಂಡ ಕಟ್ಟಿಸುವ ಹುಡುಗ, ಕಮಿಷನ್ನಿಗಾಗಿ ಆ್ಯಪಿನ ಲಿಂಕನ್ನು ತರಗತಿಗೆಲ್ಲ ಕಳಿಸುವ ಹುಡುಗ ತಾನೂ ಒಬ್ಬ ಆಟಗಾರನೆಂದೇ ತಿಳಿದಿರುತ್ತಾನೆ. ಒದಗಿಸುವವನ, ಜಾಹೀರಾತು ಮಾಡುವವನ ಗೆರೆಯತ್ತ ಕಾಲಿಟ್ಟದ್ದು ಅವನ ಅರಿವಿಗೇ ಬಂದಿರುವುದಿಲ್ಲ.

ಹಾಗಾದರೆ ಸಾಲಗುಂದದಲ್ಲಿ ಕೇರಂ ಮಣೆ ಹಾಕಬಹುದೇ? ಧಾರಾಳವಾಗಿ. ನಿಯಮಗಳನ್ನು ಮೊದಲೇ ಬರೆದು ಗೋಡೆಗೆ ಅಂಟಿಸಿ. ಶುಲ್ಕಕ್ಕೆ ರಸೀದಿ ಕೊಡಿ. ಆಡುವವರಲ್ಲದವರು ಸುತ್ತ ನಿಂತು ಪಂದ್ಯ ಕಟ್ಟಲು ಬಿಡಬೇಡಿ. ಸಮಬಲವಾದರೆ ಚೀಟಿ ಎತ್ತದೆ ಇನ್ನೊಂದು ಆಟ ಆಡಿಸಿ. ಶಾಲೆಯ ಅಂಗಳವಾದರೆ ಮುಖ್ಯೋಪಾಧ್ಯಾಯರ ಒಪ್ಪಿಗೆ ಬೇಕು, ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ರಾತ್ರಿ 10 ಗಂಟೆಗೆ ಅದನ್ನು ನಿಲ್ಲಿಸಬೇಕು.