ಬಿದ್ದವರ ಧೈರ್ಯಕ್ಕೂ ಒಂದು ಅಳತೆ



ವಯಸ್ಸಾದವರು ಬಿದ್ದಾಗ ‘ಸೊಂಟ ಮುರಿಯಿತು’ ಎನ್ನುತ್ತೇವೆ. ಸಾಮಾನ್ಯವಾಗಿ ಮುರಿದಿರುವುದು ತೊಡೆಮೂಳೆಯ ಮೇಲ್ತುದಿ. ಮುಟ್ಟು ನಿಂತ ಬಳಿಕ ಈಸ್ಟ್ರೋಜನ್ ಹಾರ್ಮೋನು ಕಡಿಮೆಯಾಗಿ ಮೂಳೆ ಸವೆಯುವುದರಿಂದ ಮಹಿಳೆಯರಲ್ಲಿ ಇದು ಹೆಚ್ಚು. ಶಸ್ತ್ರಚಿಕಿತ್ಸೆಯ ನಂತರ ಮೂಳೆ ಕೂಡಿಕೊಂಡರೂ ‘ಮತ್ತೆ ಬಿದ್ದರೇನು ಗತಿ?’ ಎಂಬ ಅಂಜಿಕೆ ಉಳಿಯಬಹುದು. ಅದು ಎಕ್ಸ್-ರೇಯಲ್ಲಿ ಕಾಣುವುದಿಲ್ಲ.

ಅದನ್ನು ಅಳೆಯಲು ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದ ವೈದ್ಯೆ ಮೇರಿ ಟಿನೆಟ್ಟಿ ಮತ್ತು ಸಂಗಡಿಗರು 1990ರಲ್ಲಿ ಒಂದು ಪ್ರಶ್ನಾವಳಿ ಪ್ರಕಟಿಸಿದರು. ಸ್ನಾನ ಮಾಡುವುದು, ಬಟ್ಟೆ ತೊಡುವುದು, ಹಾಸಿಗೆಯಿಂದ ಏಳುವುದು, ಬಾಗಿಲು ತೆರೆಯಲು ಹೋಗುವುದು ಮುಂತಾದ 10 ಕೆಲಸಗಳು ಅದರಲ್ಲಿವೆ. ಬೀಳದೆ ಮಾಡಬಲ್ಲೆನೆಂಬ ನಂಬಿಕೆ ಎಷ್ಟಿದೆಯೆಂದು ಪ್ರತಿಯೊಂದಕ್ಕೂ 1ರಿಂದ 10ರವರೆಗೆ ಅಂಕ ಕೊಡಬೇಕು. ನಿಮ್ಮ ಪರೀಕ್ಷೆಗೆ ತದ್ವಿರುದ್ಧವಾಗಿ, ಇಲ್ಲಿ ಅಂಕ ಹೆಚ್ಚಿದಷ್ಟೂ ಧೈರ್ಯ ಕಡಿಮೆ!

ಇದನ್ನೇಕೆ ಅಳೆಯಬೇಕು? ಅಂಜಿದವರು ನಡೆದಾಡುವುದನ್ನೇ ಬಿಡುತ್ತಾರೆ. ನಡೆಯದ ಕಾಲಿನ ಸ್ನಾಯು ಸೊರಗುತ್ತದೆ, ಸಮತೋಲನ ಕುಂದುತ್ತದೆ. ಆಗ ಬೀಳುವ ಸಂಭವ ನಿಜವಾಗಿಯೂ ಹೆಚ್ಚುತ್ತದೆ.

ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ 1977ರಲ್ಲಿ ವಿವರಿಸಿದಂತೆ, ಇಂಥ ನಂಬಿಕೆ ಬಲವಾಗಿ ಬೆಳೆಯುವುದು ತಾನೇ ಮಾಡಿ ಯಶಸ್ವಿಯಾದ ಅನುಭವದಿಂದ. ಬರೀ ಉಪದೇಶ ಅಷ್ಟು ಫಲ ಕೊಡದು.

ನಿಮ್ಮ ಮನೆಯಲ್ಲಿ ಚೇತರಿಸಿಕೊಳ್ಳುತ್ತಿರುವ ಅಜ್ಜಿಯಿದ್ದರೆ, ‘ಏಳಬೇಡಿ, ಎಲ್ಲವನ್ನೂ ನಾನೇ ತಂದುಕೊಡುತ್ತೇನೆ’ ಎನ್ನುವುದು ಪ್ರೀತಿಯ ಮಾತೇ ಸರಿ. ಆದರೆ ಸದಾ ಹಿತವಲ್ಲ. ಎಚ್ಚರವಂತೂ ಬೇಕು: ಬಚ್ಚಲಿನಲ್ಲಿ ಹಿಡಿಕೆ, ಒಣಗಿದ ನೆಲ, ರಾತ್ರಿ ಒಂದು ದೀಪ. ಅದಾದ ಮೇಲೆ ವೈದ್ಯರು ಅನುಮತಿಸಿದಷ್ಟು ನಡೆಯಲಿ. ಇಂದು ಕುರ್ಚಿಯವರೆಗೆ, ಕೆಲವು ದಿನಗಳ ನಂತರ ತುಳಸಿಕಟ್ಟೆಯವರೆಗೆ. ನೀವು ಪಕ್ಕದಲ್ಲಿರಿ; ಹೆಜ್ಜೆಯನ್ನು ಅವರೇ ಇಡಲಿ.