ಹೋದ ಸಲದ ಕಟ್‌ಆಫ್, ಈ ಸಲದ ಪರೀಕ್ಷೆ

ಮೊನ್ನೆ ನಮ್ಮ ಫೋನ್-ಇನ್ ಕಾರ್ಯಕ್ರಮಕ್ಕೆ ರಾಣೆಬೆನ್ನೂರು ಕಡೆಯಿಂದ ಒಬ್ಬ ಯಜಮಾನರು ಕರೆ ಮಾಡಿದ್ರು. ಅವತ್ತಿನ ವಿಷಯ ಮಳೆ, ಬೆಳೆ ವಿಮೆ. ಅವರು ಕೇಳಿದ್ದು ಬೇರೆಯೇ. "ಸರ, ನಮ್ ಹುಡುಗ ದಿನಾ ಮೊಬೈಲ್ ಹಿಡ್ಕೊಂಡು ಕುಂತಿರ್ತಾನ್ರೀ. ಕೇಳಿದ್ರ ರೈಲ್ವೆ ಪರೀಕ್ಷಾಕ ಓದಾಕತ್ತೀನಿ ಅಂತಾನ. ಹೋಗಿ ನೋಡಿದ್ರ ಕಟ್‌ಆಫ್ ನೋಡಾಕತ್ತೀನಿ ಅಂತಾನ. ಈ ಕಟ್‌ಆಫ್ ಅಂದ್ರ ಏನ್ರೀ? ಅದನ್ನ ಓದಿದ್ರ ನೌಕರಿ ಸಿಗ್ತೈತೇನ್ರೀ?"

ಸ್ಟುಡಿಯೋದಲ್ಲಿ ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಮನೆಗೆ ಹೋಗೋ ದಾರಿಯಲ್ಲಿ ಆ ಪ್ರಶ್ನೆ ಬಿಡಲಿಲ್ಲ. ಯಾಕಂದ್ರೆ 2016ರಲ್ಲಿ ಆ ಹುಡುಗ ನಾನೇ ಆಗಿದ್ದೆ.

ಮೊದಲು ವಿಷಯ ಏನು ಅಂತ ಹೇಳಿಬಿಡ್ತೀನಿ. 2025ರ ಆಗಸ್ಟ್ 7ರಿಂದ ರೈಲ್ವೆಯ ಎನ್‌ಟಿಪಿಸಿ ಪರೀಕ್ಷೆ ನಡೀತು, ಪಿಯುಸಿ ಮುಗಿಸಿದವರದ್ದು. ಎನ್‌ಟಿಪಿಸಿ ಅಂದ ಕೂಡಲೇ ಕೆಲವರು ಕರೆಂಟ್ ಕಂಪನಿ ಅಂದುಕೊಳ್ತಾರೆ. ಅದಲ್ಲ. ನಾನ್ ಟೆಕ್ನಿಕಲ್ ಪಾಪ್ಯುಲರ್ ಕೆಟಗರೀಸ್. ಟಿಕೆಟ್ ಕ್ಲರ್ಕ್, ಟೈಪಿಸ್ಟ್, ಟ್ರೈನ್ಸ್ ಕ್ಲರ್ಕ್ ಈ ಥರದ ಕೆಲಸಗಳು. ಹುದ್ದೆ ಎಷ್ಟು? ಆ ಸಲ ಇಡೀ ದೇಶಕ್ಕೆ 3,445. ಅರ್ಜಿ ಎಷ್ಟು? 63 ಲಕ್ಷಕ್ಕೂ ಹೆಚ್ಚು. ಭಾಗಿಸಿ ನೋಡಿ, ಒಂದು ಕುರ್ಚಿಗೆ 1,800ಕ್ಕಿಂತ ಹೆಚ್ಚು ಜನ. ಆ ಕುರ್ಚಿಯ ಆರಂಭದ ಮೂಲ ವೇತನ ಟೈಪಿಸ್ಟ್‌ಗೆ 19,900, ಟಿಕೆಟ್ ಕ್ಲರ್ಕ್‌ಗೆ 21,700 ರೂಪಾಯಿ. ಅಷ್ಟಕ್ಕೆ ಇಷ್ಟು ಜನ. ಈ ದೇಶದಲ್ಲಿ ಕೆಲಸದ ಪರಿಸ್ಥಿತಿ ಹೇಗಿದೆ ಅನ್ನೋದಕ್ಕೆ ನಾನು ಬೇರೆ ಚರ್ಚೆ ಇಟ್ಟುಕೊಳ್ಳಬೇಕಾಗಿಲ್ಲ, ಈ ಎರಡು ಸಂಖ್ಯೆ ಸಾಕು.

ಈಗ ಕಟ್‌ಆಫ್‌ಗೆ ಬರೋಣ. ಮೊದಲ ಹಂತದ ಪರೀಕ್ಷೆ ಮುಗಿದ ಮೇಲೆ ಹುದ್ದೆಗಳ 15 ಪಟ್ಟು ಜನರನ್ನ ಮಾತ್ರ ಎರಡನೇ ಹಂತಕ್ಕೆ ಕರೀತಾರೆ. ಅಂದ್ರೆ 63 ಲಕ್ಷದಲ್ಲಿ ಸುಮಾರು 52 ಸಾವಿರ. ಆ ಸಾಲಿನ ಕೊನೆಯಲ್ಲಿ ನಿಂತವನ ಅಂಕ ಇದೆಯಲ್ಲ, ಅದೇ ಕಟ್‌ಆಫ್. ಅದನ್ನ ಯಾರೂ ಮೊದಲೇ ಕೂತು ನಿಗದಿ ಮಾಡಲ್ಲ. ಸಾಲು ನಿಂತ ಮೇಲೆ ಅದು ಹುಟ್ಟುತ್ತೆ. ಹುಟ್ಟದೇ ಇರೋ ಮಗುವಿಗೆ ಜಾತಕ ಬರೆಯೋ ಕೆಲಸವನ್ನ ಇವತ್ತು ನೂರಾರು ಚಾನೆಲ್‌ಗಳು ಮಾಡ್ತಿವೆ. "ಈ ಸಲ ಕಟ್‌ಆಫ್ ಇಷ್ಟೇ", "ಇವತ್ತಿನ ಪಾಳಿ ಈಸಿ, ಗುಡ್ ಅಟೆಂಪ್ಟ್ 80 ಪ್ಲಸ್". ಬೇರೆಯವರನ್ನ ಯಾಕೆ ಹೇಳಲಿ, 2025ರ ಜೂನ್‌ನಲ್ಲಿ ಪದವೀಧರರ ಪರೀಕ್ಷೆ ನಡೆದಾಗ ನಾನೇ ಬುಲೆಟಿನ್‌ನಲ್ಲಿ "ಪ್ರಶ್ನೆಪತ್ರಿಕೆ ಸಾಧಾರಣ ಮಟ್ಟದ್ದಾಗಿತ್ತು" ಅಂತ ಓದಿದ್ದೀನಿ. ಯಾರು ಹೇಳಿದ್ದು? ಕೇಂದ್ರದ ಗೇಟಲ್ಲಿ ಸಿಕ್ಕ ನಾಲ್ಕು ಹುಡುಗರು. ಚೆನ್ನಾಗಿ ಬರೆದವನು ಸುಲಭ ಅಂದ, ಬರೆಯದವನು ಮೈಕ್ ಕಂಡು ಆ ಕಡೆ ಹೋದ. ಸುದ್ದಿ ಸಿದ್ಧ.

ಹಾಗಂತ ಹಳೆಯ ಪರೀಕ್ಷೆಗಳನ್ನ ನೋಡೋದೇ ತಪ್ಪಾ? ಖಂಡಿತ ಅಲ್ಲ. ಅದರಲ್ಲಿ ಯಾವುದು ಬದಲಾಗಲ್ಲ, ಯಾವುದು ಪ್ರತಿ ಸಲ ಬದಲಾಗುತ್ತೆ ಅನ್ನೋದನ್ನ ಬೇರೆ ಮಾಡಬೇಕು ಅಷ್ಟೆ.

ಬದಲಾಗೋದನ್ನ ಮೊದಲು ನೋಡಿ. ಅದರ ಹಿಂದಿನ ಸಲ ಅಂದ್ರೆ 2019ರ ಅಧಿಸೂಚನೆ. ಆವಾಗ ಹುದ್ದೆ 35,208. 2025ರ ಪರೀಕ್ಷೆಗೆ ಪದವೀಧರರದ್ದು 8,113, ಪಿಯುಸಿಯವರದ್ದು 3,445, ಎರಡೂ ಕೂಡಿದರೆ 11,558. ಮೂರನೇ ಒಂದು ಭಾಗ! ಅರ್ಜಿ ಹಾಕಿದವರು ಮಾತ್ರ ಆಗಲೂ ಕೋಟಿ ದಾಟಿದ್ರು, 2025ರಲ್ಲೂ ಕೋಟಿ ದಾಟಿದ್ರು. ಇನ್ನೊಂದು, ಆಗ ಪಿಯುಸಿಯವರೂ ಪದವೀಧರರೂ ಮೊದಲ ಹಂತದಲ್ಲಿ ಒಂದೇ ಪರೀಕ್ಷೆ ಬರೆದಿದ್ದರು. ಈಗ ಬೇರೆ ಬೇರೆ. 2022ರ ಜನವರಿಯಲ್ಲಿ ಫಲಿತಾಂಶ ಬಂದಾಗ ಬಿಹಾರದಲ್ಲಿ, ಉತ್ತರ ಪ್ರದೇಶದಲ್ಲಿ ಹುಡುಗರು ಹಳಿ ಮೇಲೆ ಕೂತರು, ಗಯಾದಲ್ಲಿ ರೈಲು ಬೋಗಿಗೆ ಬೆಂಕಿ ಬಿತ್ತು. ನೆನಪಿದೆಯಾ? ಆ ಸಿಟ್ಟಿನ ಮೂಲದಲ್ಲಿ ಇದೂ ಇತ್ತು. ಪದವಿ ಇದ್ದವರು ಪಿಯುಸಿ ಮಟ್ಟದ ಹುದ್ದೆಗಳ ಪಟ್ಟಿಯಲ್ಲೂ ಬಂದರು, ಒಬ್ಬನೇ ಹುಡುಗನ ಹೆಸರು ಎರಡು ಮೂರು ಹಂತದ ಪಟ್ಟಿಯಲ್ಲಿ ಎಣಿಕೆಯಾಯ್ತು. ಅಂಥ ಪಟ್ಟಿಯ ಕಟ್‌ಆಫ್ ಹಿಡಿದುಕೊಂಡು ಈ ಸಲದ ಪಿಯುಸಿ ಹುಡುಗ "ನಂಗೆ ಇಷ್ಟು ಬಂದ್ರೆ ಸಾಕು" ಅಂತ ಲೆಕ್ಕ ಹಾಕಿದರೆ, ಅದು ಹೋದ ವರ್ಷದ ಮಳೆ ನೋಡಿ ಈ ವರ್ಷ ಛತ್ರಿ ಬಿಟ್ಟು ಹೋದ ಹಾಗೆ. ಮೇಲಾಗಿ ದೇಶದಲ್ಲಿ 21 ರೈಲ್ವೆ ನೇಮಕಾತಿ ಮಂಡಳಿಗಳಿವೆ. ಹುದ್ದೆ ಬೇರೆ, ಅರ್ಜಿ ಬೇರೆ, ಕಟ್‌ಆಫ್ ಬೇರೆ. ಬೆಂಗಳೂರು ಮಂಡಳಿಗೆ ಅರ್ಜಿ ಹಾಕಿದವನಿಗೆ ಪಟ್ನಾದ ಸಂಖ್ಯೆ ಯಾವ ಕೆಲಸಕ್ಕೂ ಬರಲ್ಲ.

ಇನ್ನು ಪಾಳಿ. 2019ರ ಮೊದಲ ಹಂತದ ಪರೀಕ್ಷೆ 2020ರ ಡಿಸೆಂಬರ್ 28ಕ್ಕೆ ಶುರುವಾಗಿ 2021ರ ಜುಲೈ 31ಕ್ಕೆ ಮುಗಿದದ್ದು. 68 ದಿನ, 133 ಪಾಳಿ. 133 ಬೇರೆ ಬೇರೆ ಪ್ರಶ್ನೆಪತ್ರಿಕೆ! ಅದರಲ್ಲಿ ಯಾವುದರ ಕಷ್ಟವನ್ನ ನೀವು ಟ್ರೆಂಡ್ ಅಂತೀರಿ? ಅದಕ್ಕೇ ಅಲ್ಲಿ ನಾರ್ಮಲೈಸೇಷನ್ ಅನ್ನೋದು ಇರೋದು. ಇದನ್ನ ಮಾಟ ಮಂತ್ರ ಅನ್ನೋ ಹಾಗೆ ಮಾತಾಡ್ತಾರೆ, ಅಂಥದ್ದೇನಿಲ್ಲ. ಚಿನ್ನಸ್ವಾಮಿ ಪಿಚ್‌ನಲ್ಲಿ ಹೊಡೆದ 60 ರನ್, ಬಾಲ್ ಪುಟಿದು ಎದೆಗೆ ಬರೋ ಪಿಚ್‌ನಲ್ಲಿ ಹೊಡೆದ 60 ರನ್ ಎರಡೂ ಒಂದೇನಾ? ಅಲ್ಲ ತಾನೆ. ಆ ಪಾಳಿಯಲ್ಲಿ ಕೂತ ಎಲ್ಲರ ಸರಾಸರಿ ಎಷ್ಟು, ಆ ಸರಾಸರಿಯಿಂದ ಅಂಕಗಳು ಎಷ್ಟು ದೂರ ಚದುರಿವೆ ಅಂತ ನೋಡಿ, ಎಲ್ಲ ಪಾಳಿಗಳನ್ನೂ ಒಂದೇ ಅಳತೆಗೆ ತರ್ತಾರೆ. ನಾವು ಇಂಜಿನಿಯರಿಂಗ್‌ನಲ್ಲಿ ಸ್ಟ್ಯಾಂಡರ್ಡ್ ಡೀವಿಯೇಷನ್ ಅಂತ ಕಲಿತು ಮಾರನೇ ದಿನ ಮರೆತದ್ದು ಇದನ್ನೇ. ಇದರರ್ಥ ಏನಪ್ಪಾ ಅಂದ್ರೆ, ನಿಮ್ಮ ಪೈಪೋಟಿ ಪ್ರಶ್ನೆಪತ್ರಿಕೆಯ ಜೊತೆ ಅಲ್ಲ, ನಿಮ್ಮ ಪಾಳಿಯಲ್ಲಿ ಕೂತವರ ಜೊತೆ. ಪತ್ರಿಕೆ ಕಷ್ಟ ಬಂತಾ, ಅವರಿಗೂ ಕಷ್ಟ. ನಿನ್ನೆಯ ಪಾಳಿ ಸುಲಭ ಇತ್ತು ಅಂತ ತಿಳಿದುಕೊಂಡು ನಿಮಗೆ ನಯಾಪೈಸೆ ಲಾಭ ಇಲ್ಲ.

ಲಾಭ ಇಲ್ಲದಿದ್ರೆ ಹೋಗಲಿ, ನಷ್ಟ ಇದೆ. ಅದು ನನ್ನದೇ ಕಥೆ.

2016ರ ಏಪ್ರಿಲ್. ಇಂಜಿನಿಯರಿಂಗ್ ಮುಗಿದಿತ್ತು, ಕೆಲಸ ಇರಲಿಲ್ಲ. ಬೆಂಗಳೂರಿನ ವಿಜಯನಗರದಲ್ಲಿ ಒಂದು ರೂಮು, ಮೂರು ಜನ. ಆ ವರ್ಷ ಎನ್‌ಟಿಪಿಸಿ 18 ಸಾವಿರ ಚಿಲ್ಲರೆ ಹುದ್ದೆಗೆ ಕರೆದಿದ್ದರು. ನಾನೂ ನನ್ನ ಬಾಗಲಕೋಟೆಯ ರೂಮ್‌ಮೇಟೂ ಅರ್ಜಿ ಹಾಕಿದ್ವಿ. ನನ್ನ ಪಾಳಿಗೆ ಹಿಂದಿನ ಐದಾರು ದಿನ ನಾನು ಓದಿದ್ದಕ್ಕಿಂತ ಗ್ರೂಪ್‌ಗಳಲ್ಲಿ "ಪೇಪರ್ ಹೇಗಿತ್ತು" ಅಂತ ಕೇಳಿದ್ದೇ ಹೆಚ್ಚು. ಎಲ್ಲರೂ ಒಂದೇ ಮಾತು, ಈಸಿ ಗುರು, 85 ಮಾಡದಿದ್ರೆ ಕೆಲಸ ಆಗಲ್ಲ. ಆ 85 ನನ್ನ ತಲೆಯಲ್ಲಿ ಮೊಳೆ ಹೊಡೆದ ಹಾಗೆ ಕೂತುಬಿಡ್ತು. ಒಳಗೆ ಹೋದ ಮೇಲೆ ಪತ್ರಿಕೆ ಸ್ವಲ್ಪ ಗಟ್ಟಿ ಇತ್ತು. ಆದ್ರೂ ನಾನು 88 ಪ್ರಶ್ನೆ ಮುಟ್ಟಿದೆ. ಕೊನೆಯ ಹತ್ತು ನಿಮಿಷ ಓದದೇ ಒತ್ತಿದ್ದೀನಿ, ಸುಳ್ಳು ಹೇಳಲ್ಲ. ಕೀ ಉತ್ತರ ಬಂದಾಗ 60 ಸರಿ, 28 ತಪ್ಪು. ತಪ್ಪಿಗೆ ಮೂರನೇ ಒಂದು ಅಂಕ ಕಡಿತ. ಉಳಿದದ್ದು 50 ಚಿಲ್ಲರೆ. ರೂಮ್‌ಮೇಟ್ ಯಾವ ಗ್ರೂಪಲ್ಲೂ ಇರಲಿಲ್ಲ, ಅವನ ಹತ್ರ ಇದ್ದದ್ದು ಬಟನ್ ಫೋನು. 71 ಮುಟ್ಟಿದ, 64 ಸರಿ, 7 ತಪ್ಪು. 61ಕ್ಕೂ ಮೇಲೆ ನಿಂತ. ಅವನು ಗೂಡ್ಸ್ ಗಾರ್ಡ್ ಆದ. ಈಗ ಗಾರ್ಡ್ ಅನ್ನೋ ಹಾಗಿಲ್ಲ, ಟ್ರೈನ್ ಮ್ಯಾನೇಜರ್ ಅನ್ನಬೇಕು. ನಾನು ಇಲ್ಲಿ ಕೂತು ನಿಮಗೆ ಇದನ್ನ ಹೇಳ್ತಿದ್ದೀನಿ.

ಆ 28 ತಪ್ಪಿನ ಬಗ್ಗೆ ಆಮೇಲೆ ಕೂತು ಲೆಕ್ಕ ಹಾಕಿದ್ದೆ. ನಾಲ್ಕು ಆಯ್ಕೆ ಇರೋ ಪ್ರಶ್ನೆಯಲ್ಲಿ ಕಣ್ಣುಮುಚ್ಚಿ ಒತ್ತಿದ್ರೆ ನಾಲ್ಕರಲ್ಲಿ ಒಂದು ಸರಿ, ಮೂರು ತಪ್ಪು. ಒಂದು ಅಂಕ ಬಂತು, ಮೂರು ಸಲ ಮೂರನೇ ಒಂದು ಹೋಯ್ತು. ಸೊನ್ನೆ. ಹಾಗಾದ್ರೆ ನಷ್ಟ ಇಲ್ಲವಲ್ಲ ಅನ್ನಬಹುದು. ಸಮಯ ಹೋಗುತ್ತಲ್ಲ, ಅದು ನಷ್ಟ. ಅದೃಷ್ಟ ಕೆಟ್ಟರೆ ಅಂಕವೂ ಹೋಗುತ್ತೆ. ಅದೇ ಒಂದು ಆಯ್ಕೆ ಖಂಡಿತ ತಪ್ಪು ಅಂತ ಗೊತ್ತಿದ್ದು ಉಳಿದ ಮೂರರಲ್ಲಿ ಊಹಿಸಿದರೆ ಪ್ರತಿ ಪ್ರಶ್ನೆಗೆ ಸರಾಸರಿ ಒಂಬತ್ತನೇ ಒಂದು ಅಂಕ ಲಾಭ. ಎರಡನ್ನ ತೆಗೆದುಹಾಕೋಕಾದ್ರೆ ಮೂರನೇ ಒಂದು ಅಂಕ ಲಾಭ. ಅಂದ್ರೆ ಎಷ್ಟು ಮುಟ್ಟಬೇಕು ಅನ್ನೋದು ನಿಮಗೆ ಎಷ್ಟು ಗೊತ್ತು ಅನ್ನೋದರ ಮೇಲೆ ನಿಂತಿದೆ. ಯಾವನೋ ವಿಡಿಯೋದಲ್ಲಿ ಹೇಳಿದ 80ರ ಮೇಲೆ ಅಲ್ಲ.

ಸರಿ, ಬದಲಾಗದೇ ಇರೋದು ಯಾವುದು? ಚೌಕಟ್ಟು. ಮೊದಲ ಹಂತದಲ್ಲಿ 100 ಪ್ರಶ್ನೆ, 90 ನಿಮಿಷ. ಸಾಮಾನ್ಯ ಜ್ಞಾನ 40, ಗಣಿತ 30, ರೀಸನಿಂಗ್ 30. 2019ರಲ್ಲೂ ಇದೇ, ಈಗಲೂ ಇದೇ. ಗಣಿತದಲ್ಲಿ ಶೇಕಡಾ, ಅನುಪಾತ, ಲಾಭ ನಷ್ಟ, ಬಡ್ಡಿ, ಕಾಲ ಮತ್ತು ಕೆಲಸ, ವೇಗ ಮತ್ತು ದೂರ, ಲಸಾಅ ಮಸಾಅ. ಎಲ್ಲ ಹೈಸ್ಕೂಲಿನ ಸರಕು. ಹಳೆಯ ಪತ್ರಿಕೆ ಹತ್ತು ಬಿಡಿಸಿದವನಿಗೆ ಹನ್ನೊಂದನೆಯದ್ದು ಪರಿಚಯದವರ ಮನೆ ಥರ ಇರುತ್ತೆ, ಕುರ್ಚಿ ಎಲ್ಲಿದೆ, ನೀರು ಎಲ್ಲಿದೆ ಗೊತ್ತಿರುತ್ತೆ. ಹಳೆಯ ಪತ್ರಿಕೆಯಿಂದ ಪಡೆಯಬೇಕಾದ್ದು ಈ ಪರಿಚಯವನ್ನ.

ಇನ್ನೊಂದು ಪಡೆಯಬೇಕು, ಸಮಯ. 90 ನಿಮಿಷಕ್ಕೆ 100 ಪ್ರಶ್ನೆ ಅಂದ್ರೆ ಒಂದಕ್ಕೆ 54 ಸೆಕೆಂಡ್. ಆದರೆ ಸಾಮಾನ್ಯ ಜ್ಞಾನದ ಪ್ರಶ್ನೆಗೆ 54 ಬೇಕಾಗಿಲ್ಲ. ಗೊತ್ತಿದ್ರೆ ಗೊತ್ತು, ಇಲ್ಲ ಅಂದ್ರೆ ಇಲ್ಲ, ದಿಟ್ಟಿಸಿ ನೋಡಿದ್ರೆ ಉತ್ತರ ಉದುರಲ್ಲ. ಒಂದಕ್ಕೆ 20 ಸೆಕೆಂಡ್ ಇಟ್ಟುಕೊಂಡರೆ 40 ಪ್ರಶ್ನೆ 14 ನಿಮಿಷದೊಳಗೆ ಮುಗೀತು. ಉಳಿದ 60ಕ್ಕೆ ತಲಾ 76 ಸೆಕೆಂಡ್ ಸಿಕ್ತು. ಇದು ನನ್ನ ಲೆಕ್ಕ. ನಿಮ್ಮದು ಬೇರೆ ಇರಬಹುದು, ಅದನ್ನ ನೀವೇ ಗಡಿಯಾರ ಇಟ್ಟು ಕಂಡುಕೊಳ್ಳಬೇಕು. ಬಿಡಿಸಿದ ಪ್ರತಿ ಪತ್ರಿಕೆಯಲ್ಲೂ ಗೊತ್ತಿದ್ದೂ ತಡವಾದ ಪ್ರಶ್ನೆ ಯಾವುದು, ಗೊತ್ತೇ ಇಲ್ಲದ್ದು ಯಾವುದು ಅಂತ ಗುರುತು ಹಾಕ್ತಾ ಹೋಗಿ. ತಡವಾದವುಗಳೇ ಮುಖ್ಯ, ಗೊತ್ತಿಲ್ಲದವಲ್ಲ. ಇಷ್ಟು ದಿನದಲ್ಲಿ ಗೊತ್ತಿಲ್ಲದ ಅಧ್ಯಾಯ ಕಲಿಯೋದು ಕಷ್ಟ, ಎರಡು ನಿಮಿಷದ ಲೆಕ್ಕವನ್ನ ಒಂದು ನಿಮಿಷಕ್ಕೆ ಇಳಿಸೋದು ಆಗುತ್ತೆ. ನಿಮ್ಮ ಕಷ್ಟದ ಟ್ರೆಂಡ್ ಆ ನೋಟ್‌ಬುಕ್ಕಿನಲ್ಲಿ ಸಿಗುತ್ತೆ.

ಕನ್ನಡದಲ್ಲಿ ಬರೆಯೋರಿಗೆ ಒಂದು ಮಾತು. ಪರೀಕ್ಷೆ 15 ಭಾಷೆಗಳಲ್ಲಿದೆ, ಕನ್ನಡವೂ ಇದೆ. ಧೈರ್ಯವಾಗಿ ಬರೀರಿ. ಆದರೆ ಅನುವಾದದಲ್ಲಿ ಗೊಂದಲ ಬಂದ್ರೆ ಇಂಗ್ಲಿಷ್ ಆವೃತ್ತಿಯೇ ಅಂತಿಮ ಅಂತ ಅಧಿಸೂಚನೆಯಲ್ಲೇ ಇದೆ. ಚಕ್ರಬಡ್ಡಿ, ಅನುಪಾತ, ಸರಾಸರಿಯ ಇಂಗ್ಲಿಷ್ ಹೆಸರುಗಳನ್ನೂ ಕಣ್ಣಿಗೆ ಅಭ್ಯಾಸ ಮಾಡಿಸಿಕೊಂಡಿರಿ. ಇದು ನ್ಯಾಯವಾ ಅಂತ ಕೇಳಿದ್ರೆ ಅಲ್ಲ ಅಂತಲೇ ನಾನು ಹೇಳ್ತೀನಿ. ಆ ಜಗಳ ಇನ್ನೊಂದು ದಿನ ಆಡೋಣ, ಮೊದಲು ಪರೀಕ್ಷೆ ಬರೀರಿ. ಪರೀಕ್ಷೆಯ ಊರು ಯಾವುದು ಅಂತ ಸುಮಾರು ಹತ್ತು ದಿನ ಮೊದಲು ತಿಳಿಸ್ತಾರೆ, ಕಾಲ್ ಲೆಟರ್ ನಾಲ್ಕು ದಿನ ಮೊದಲು. ಊರು ದೂರ ಬಂದ್ರೆ ಹಿಂದಿನ ದಿನವೇ ಹೋಗಿಬಿಡಿ.

ರಾಣೆಬೆನ್ನೂರಿನ ಯಜಮಾನರಿಗೆ ಅವತ್ತು ಇಷ್ಟೆಲ್ಲಾ ಹೇಳೋಕೆ ಸಮಯ ಇರಲಿಲ್ಲ, ಬ್ರೇಕ್ ಬಂದಿತ್ತು. ಬ್ರೇಕ್‌ನಲ್ಲೇ ಲೈನ್ ಹಿಡಿದು, "ಯಜಮಾನ್ರೇ, ಹುಡುಗನ ಕೈಗೆ ಫೋನ್ ಕೊಡಿ" ಅಂದೆ. ಕೊಟ್ಟರು. "ತಮ್ಮಾ, ಹುಬ್ಬಳ್ಳಿಯ ಪ್ಲಾಟ್‌ಫಾರ್ಮ್ 1,507 ಮೀಟರ್, ಪ್ರಪಂಚದಲ್ಲೇ ಉದ್ದದ್ದು. 593 ಮೀಟರ್ ಉದ್ದದ ಒಂದು ರೈಲು ಗಂಟೆಗೆ 54 ಕಿಲೋಮೀಟರ್ ವೇಗದಲ್ಲಿ ಅದನ್ನ ಪೂರ್ತಿ ದಾಟೋಕೆ ಎಷ್ಟು ಹೊತ್ತು ಬೇಕು?" ಅಂತ ಕೇಳಿದೆ. ಆ ಕಡೆ ಕಾಗದದ ಸದ್ದು, ಪೆನ್ನು ಹುಡುಕೋ ಸದ್ದು. ಸ್ವಲ್ಪ ಹೊತ್ತು ಬಿಟ್ಟು, "140 ಸೆಕೆಂಡ್ ರೀ ಸರ" ಅಂದ.

"ಸರಿ ಇದೆ. ಇದಕ್ಕೆ ನಿನಗೆ ಎಷ್ಟು ಸೆಕೆಂಡ್ ಹಿಡೀತು?"

"ಅದನ್ನ ನೋಡಿಲ್ರೀ" ಅಂದ.

"ಇನ್ನೊಂದು ಕೊಡ್ತೀನಿ, ಈ ಸಲ ಗಡಿಯಾರ ಇಟ್ಕೋ" ಅಂದೆ. ಅಷ್ಟರಲ್ಲಿ ಬ್ರೇಕ್ ಮುಗೀತು. ಎರಡನೇ ಲೆಕ್ಕ ಅವನಿಗೆ ಬಾಕಿ ಇದೆ. ತಮ್ಮಾ, ಇದನ್ನ ನೋಡ್ತಾ ಇದ್ರೆ ನಾಳೆ ಕಾರ್ಯಕ್ರಮದ ಹೊತ್ತಿಗೆ ಫೋನ್ ಮಾಡು.